ಎರಡು ಕುದಿ

ಬೆಳಗಾವಿ ಎಪಿಎಂಸಿಯ ಮೂರನೇ ಶೆಡ್ಡಿನಾಗ
ತಾಡಪತ್ರಿ ಮ್ಯಾಲ ಕುಂತು ಬಟಾಟಿ ಆರಸ್ತೇನಿ.
ದಪ್ಪಂದು ಅತ್ತ, ನಡಕಿನದು ಇತ್ತ,
ಗೋಲಿಯಷ್ಟು ಸಣ್ಣದು ಬುಟ್ಟಿಗೆ.
ಬಿಸಲ ಕುಡದು ಹಸರಾದದ್ದು ಸಿಕ್ರ
ಮಗ್ಗಲಕ ಒಗೀತೇನಿ.
ಕಡದ್ರ ಕಹಿ, ನುಂಗಿದ್ರ ಹೊಟ್ಟಿ ತೊಳಸ್ತೈತಿ.
ಪುಸ್ತಕದಾಗ ಓದಿದ್ದಲ್ಲ ಇದು,
ಬೆರಳಿಗೆ ಗೊತ್ತೈತಿ.

ಸಂಜಿಕ ಪಗಾರದ ಜೋಡಿ
ಗುದ್ದಲಿ ತಾಗಿ ಗಾಯಾದವು ಎರಡು ಕಿಲೋ
ಸೆರಗಿನಾಗ ಕಟಗೊಂಡು ಬರ್ತೇನಿ.
ಹದಿನಾರು ವರ್ಷ ನಮ್ಮ ಒಲಿ ನಡದದ್ದು ಅದರ ಮ್ಯಾಲ.
ರೊಟ್ಟಿಗೆ ಅದು, ಅನ್ನಕ್ಕ ಅದು,
ಏಕಾದಶಿ ಉಪಾಸಕ್ಕೂ ಅದು.
ಮಗಳಿಗೆ ಹಲ್ಲು ಬರೂ ಮೊದಲ
ಹಿಚುಕಿ, ತುಪ್ಪ ಹಚ್ಚಿ ಉಣಿಸಿದ್ದೂ ಅದನ್ನ.

ಹೋದ ಶ್ರಾವಣದಿಂದ ಮನಿಯವ್ರಿಗೆ
ವಾರಕ್ಕ ಎರಡು ಸಲ ಡಯಾಲಿಸಿಸ್.
ಅವ್ರ ಹೆಸರು ನಾ ಬಾಯಿಲೆ ಅನ್ನಂಗಿಲ್ಲ.
ಆಸ್ಪತ್ರಿ ಹುಡುಗ ಮಾತ್ರ ಓಣಿ ಕೇಳೂ ಹಂಗ ಕೂಗ್ತಾನ:
'ಕಲಗೌಡ! ನಾಕನೇ ನಂಬರ ಮಂಚ!'

ಊಟದ ಚೀಟಿ ಬರಿಯೂ ಪ್ರಾಜಕ್ತಾ ಬಾಯಿ ಕೇಳಿದ್ಲು,
'ಮನ್ಯಾಗ ಏನ ಉಣ್ತೀರಿ?'
'ಬಟಾಟಿ.'
'ಮತ್ತ?'
'ಬಟಾಟಿರಿ.'
ಆಕಿ ಪೆನ್ನು ಕೆಳಗಿಟ್ಲು.

'ಅದರಾಗ ಪೊಟ್ಯಾಸಿಯಂ ಭಾಳ ಇರತೈತಿ ತಂಗಿ.
ಹೆಚ್ಚಾದದ್ದನ್ನ ಕಿಡ್ನಿ ಸೋಸಿ ಹೊರಗ ಹಾಕಬೇಕು.
ಇವರದು ಸೋಸಂಗಿಲ್ಲ.
ರಕ್ತದಾಗ ಏರಿ ನಿಂತ್ರ
ಎದಿ ತಾಳ ತಪ್ಪತೈತಿ.'

ನಂಗ ಸಿಟ್ಟು ಬಂತು.
ಬಾಜು ಮನಿ ಅಕ್ಕೂಬಾಯಿಗೆ ಬಿ.ಪಿ.,
ಇದೇ ಆಸ್ಪತ್ರಿ, ಇದೇ ಬಾಯಿ ಹೇಳ್ಯಾಳ:
ಸಿಪ್ಪಿ ಸುದ್ಧಾ ಕುದಿಸಿ ತಿನ್ನು, ಉಪ್ಪು ಕಡಿಮಿ ಮಾಡು,
ಆ ಪೊಟ್ಯಾಸಿಯಂ ನಿನಗ ಬೇಕು.
ನನ್ನ ಜೋಡಿ ಆರಸೂ ಹಾಲವ್ವಗ ಸಕ್ಕರಿ ಬ್ಯಾನಿ,
ಆಕಿಗೆ ಬ್ಯಾರೇನೇ:
ಕುದಿಸಿ ಆರಿಸಿಟ್ಟದ್ದು ಸಾವಕಾಶ ಕರಗತೈತಿ, ಒಂದ ಹಿಡಿ ಸಾಕು,
ಬಸ್ ಸ್ಟ್ಯಾಂಡಿನ ವಡಾಪಾವ್ ಬಿಡು.

ಒಂದ ಹೊಲದ್ದು, ಒಂದ ಚೀಲದ್ದು.
ಒಬ್ಬರ ಮನ್ಯಾಗ ಸೊಸಿ,
ಇನ್ನೊಬ್ಬರ ಮನ್ಯಾಗ ಸವತಿ.

ಐವತ್ತು ಕಿಲೋದ ಚೀಲ ಬೆನ್ನಿಗೆ ಹಾಕ್ಕೊಂಡು
ಲಾರಿಗೆ ಏರಿಸಿದವ್ರು ಇವ್ರು, ಇದೇ ಯಾರ್ಡಿನಾಗ.
ಹಸಿವಾದ್ರ ಕೆಂಡದಾಗ ಎರಡು ಒಗದು
ಕರಕ ಸಿಪ್ಪಿ ಸುದ್ಧಾ ತಿಂತಿದ್ರು,
ಮೀಸಿಗೆ ಬೂದಿ.
ಅವ್ರ ಪಾಲು ಈಗ ವಾಟಗದಾಗ ಅಳೀಬೇಕು.

'ಪೂರಾ ಬಿಡಾಕ ಆಗದಿದ್ರ,' ಅಂದ್ಲು ಪ್ರಾಜಕ್ತಾ ಬಾಯಿ,
'ಸಿಪ್ಪಿ ತಗದು ಸಣ್ಣಗ ಹೆಚ್ಚು.
ಭಾಳ ನೀರು ಹಾಕಿ ಕುದಿಸು. ಚೆಲ್ಲು.
ಹೊಸ ನೀರು ಹಾಕು, ಮತ್ತ ಕುದಿಸು, ಅದನ್ನೂ ಚೆಲ್ಲು.
ವಾರಕ್ಕ ಒಂದ ಸಲ. ಉಪ್ಪು ಬ್ಯಾಡ.'

ಮೊದಲ ದಿನ ತುತ್ತು ಬಾಯಾಗಿಟ್ಟು
ಅವ್ರು ಒಂದ ಗಳಿಗಿ ಸುಮ್ಮನ ಕುಂತ್ರು.
'ಇದರಾಗ ಏನೂ ಇಲ್ಲಲ್ಲ?'
'ಇರಬಾರದಂತನ ಇಷ್ಟೊತ್ತು ಕುದಸೇನಿ.'
ಅವ್ರ ಮೂಗಿನಾಗ ನಗಿ ಬಂತು, ಆಮ್ಯಾಲ ನಂಗೂ.
ಮಗಳು ಹೊರಗಿಂದ ಓಡಿ ಬಂದ್ಲು,
ಅಪ್ಪಾ ನಕ್ಕದ್ದು ಏನಂತ ನೋಡಾಕ.

ಬಸದ ನೀರು ಗಟಾರಿಗೆ ಚೆಲ್ಲತಿದ್ದೆ.
ಮಬ್ಬು ನೀರು, ಗಂಜಿಯಂಥಾದ್ದು.
ಒಂದಿನ ಕೈ ಬರಲಿಲ್ಲ.
ಹಿತ್ತಲ ಕರಿಬೇವಿನ ಬುಡಕ್ಕ, ಆರಿದ ಮ್ಯಾಲ, ಹಾಕಿದೆ.
ಮೂರು ವರ್ಷ ಮೊಳಕಾಲೆತ್ತರ ನಿಂತ ಗಿಡ
ದೀಪಾವಳಿ ಅನ್ನೂದ್ರಾಗ ಗ್ವಾಡಿ ದಾಟೇತಿ.
ಅಕ್ಕೂಬಾಯಿ ಈಗ ದಿನಾ ಒಂದ ಕಡ್ಡಿ ಬೇಡ್ತಾಳ.

ನಿನ್ನಿ ಮಂಚದಿಂದ ಎದ್ದು ಬಂದು
ಹತ್ತಿ ಸುತ್ತಿದ ಕೈ ಎದಿಗೆ ಹಿಡಕೊಂಡು
ಗಿಡದ ಮುಂದ ನಿಂತ ಕೇಳಿದ್ರು:
'ನೀ ನನ್ನ ತಾಟಿನಿಂದ ತಗದದ್ದು
ಈ ಎಲಿಯೊಳಗ ಬಂದಿರತೈತೇನ?'

ಗೊತ್ತಿಲ್ಲ.
ಮಂಗಳವಾರ ಪ್ರಾಜಕ್ತಾ ಬಾಯಿನ್ನ ಕೇಳಬೇಕು.
ಅಲ್ಲಿತನಕ ಒಗ್ಗರಣಿಗೆ ಎರಡ ಎಲಿ,
ಮೂರನೇದು ಹರಿಯಂಗಿಲ್ಲ.