ಎರಡು ನಿಮಿಷ

ನಮ್ಮ ಜಿಲ್ಲಾ ಭಾಳ ಸಣ್ಣದು.
ಖಜಾನೆ ಆಫೀಸಿನ್ಯಾಗ ನಾ ಸೀನಿದರ
ಗಾಂಧಿ ಚೌಕಿನ ಮೆಡಿಕಲ್ಲಿನ್ಯಾಗ ಮಸ್ತಾನಸಾಬ
ಗುಳಿಗಿ ತೆಗೆದಿಟ್ಟಿರ್ತಾನ.
"ಅರ್ಧಾನೇ ತಗೋರಿ ಮೇಡಂ, ನಿಮಗ ಪೂರಾ ತಡಿಯಂಗಿಲ್ಲ."

ಸೊಲ್ಲಾಪುರಕ್ಕ ಟಿಕೀಟು ತೆಗಿಸಿದೆ, ಒಂದೇ ಒಂದು.
ಮನಿ ಮುಟ್ಟೂದ್ರಾಗ ಕಟ್ಟಿ ಮ್ಯಾಲಿಂದ ಭೀಮಬಾಯಿ:
"ಯಾರಿಗಿ ಆರಾಮಿಲ್ಲಬೇ?"
ಅವ್ವನ ಸುದ್ದಿ ನಾ ಇನ್ನಾ
ನನಗೇ ಹೇಳ್ಕೊಂಡಿರಲಿಲ್ಲ.

ಅಳಾಕ ಒಂದು ಮೂಲಿ ಬೇಕಾಗಿತ್ತು.
ಕ್ವಾಟಿ ಗುಡ್ಡ ಹತ್ತಿ ಕಾದ ಕಲ್ಲಿನ ಮ್ಯಾಲ ಕೂತೆ.
ದೂರ ಭೀಮಾ, ಅರ್ಧ ಉಸುಕು, ಅರ್ಧ ಬೆಳಕು.
ಆಡಿನ ಹಿಂದಿಂದ ಒಬ್ಬ ಹುಡುಗ ಎದ್ದ:
"ನೀವು ಪೆನ್ಶನ್ ಮೇಡಂ ಅಲ್ಲೇನ್ರಿ?
ನಮ್ಮ ಮುತ್ಯಾಂದು ಒಂದು ಫೈಲು..."
ಸೆರಗಿಲೆ ಮಾರಿ ಒರೆಸಿ
ನಂಬರ್ ಬರ್ಕೊಂಡೆ, ಅಂಗೈ ಮ್ಯಾಲೇ.

ರಾತ್ರಿ ರೈಲು ಎರಡೇ ನಿಮಿಷ ನಿಂತಿತು.
ಹತ್ತಿ ಕೂತೆ. ಒಬ್ಬರಿಗೂ ನಾ ಯಾರಂತ ಗೊತ್ತಿಲ್ಲ.
ಈಗ ಅಳಬಹುದಿತ್ತು.
ಮ್ಯಾಲಿನ ಬರ್ತಿನ ಮುದುಕ ನಿದ್ದಿಗಣ್ಣಾಗ
"ಕೌನ್ಸಾ ಸ್ಟೇಷನ್?" ಅಂದ.
ಯಾದಗಿರಿ, ಅಂದೆ.
ಕೇಳಿಸಲಿಲ್ಲ ಅವಗ. ಮತ್ತ ಹೇಳಿದೆ, ಜರಾ ಜೋರಾಗಿ,
ಬೆವರಿಗೆ ನಂಬರು ಅಳಿಸಬಾರದಂತ
ಮುಷ್ಟಿ ಬಿಚ್ಚಿಟ್ಕೊಂಡು.