ಕೈತೂಕ

ಮಂಡಿ ಎದುರಿನ ಬ್ಯಾಂಕಿಗೆ ಟೇಪು ಕತ್ತರಿಸಿದ ದಿನ
ಮೇಜಿನ ಮೇಲೆ ನಿಂತಿತ್ತು ಇದು,
ನೇರಳೆ ಬಣ್ಣದ ಒಂಬತ್ತು ಹೂ.
ಪ್ಲಾಸ್ಟಿಕ್ಕೆಂದೇ ತಿಳಿದು
ಒಂದು ದಳ ಚಿವುಟಿದ್ದೆ.
ಉಗುರು ಒದ್ದೆಯಾಗಿ ನಾಚಿದೆ.

ಹೂವೆಲ್ಲ ಉದುರಿದ ಮೇಲೆ
ಕಸದ ಡಬ್ಬಿಯ ಪಕ್ಕ ಬಂದಿತ್ತು.
ಎತ್ತಿಕೊಂಡು ಬಂದೆ.

"ಹೊಟ್ಟೆಗಿಲ್ಲದೆ ಸೊರಗಿದೆ, ಪಾಪ" ಅಂದಳು ಶಿವಗಂಗಮ್ಮ.
ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ,
ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು.
ಹಬ್ಬಕ್ಕೆ ಬಂದ ನೆಂಟ
ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುತ್ತೇವಲ್ಲ, ಹಾಗೆ.

ಹದಿನೈದು ದಿನಕ್ಕೆ ಎಲೆಗಳು
ಹಳೆ ಚಪ್ಪಲಿಯ ಪಟ್ಟಿಯಂತೆ ಜೋತವು.
ಬಾಯಾರಿಕೆ ಇರಬೇಕೆಂದು
ಇನ್ನೊಂದು ಚೊಂಬು.

ಹಾಸನ ರಸ್ತೆಯ ನರ್ಸರಿಯ ನಗೀನಾ
ಕುಂಡವನ್ನು ಮೂಗಿಗೆ ಹಿಡಿದು, ದೂರ ಇಟ್ಟಳು.
"ಮುಳುಗಿಸಿಬಿಟ್ಟಿದ್ದೀರಿ, ಅಣ್ಣ.
ಇದು ಮರದ ತೊಗಟೆ ಹಿಡಿದು
ಗಾಳಿಯಲ್ಲಿ ಬದುಕೋ ಜಾತಿ.
ಮಣ್ಣು ಇದಕ್ಕೆ ಗೋರಿ.
ಕಾಯಿ ಮಟ್ಟೆ ಸಿಗುತ್ತಾ ನಿಮಗೆ? ಇದ್ದಿಲು?"

ತಿಪಟೂರಿನಲ್ಲಿ ನಿಂತು
ಮಟ್ಟೆ ಸಿಗುತ್ತಾ ಅನ್ನುತ್ತಾಳೆ!
ಇಪ್ಪತ್ತಾರು ವರ್ಷ ಈ ಊರ ಕೊಬ್ಬರಿ ತೂಗಿದವನು ನಾನು.
ಮಟ್ಟೆಯ ಮೇಲೆ ಹೂವು ಕೂರುತ್ತದೆಂದು
ಕೇಳಿದ್ದೇ ಅವತ್ತು.

ಚೂರು ಮಾಡಿ ರಾತ್ರಿ ನೆನೆಹಾಕಿದೆ.
ಬೆಳಗಾದರೆ ನೀರೆಲ್ಲ ಡಿಕಾಕ್ಷನ್.
ಚೆಲ್ಲಿ ಮತ್ತೆ ನೆನೆಹಾಕಿದೆ. ಮೂರು ಸಲ.
ಇದ್ದಿಲು ಕೊಟ್ಟವನು ಇಸ್ತ್ರಿ ಗಂಗಹನುಮಯ್ಯ.
"ಗಿಡಕ್ಕೂ ಇಸ್ತ್ರಿಯಾ?" ಎಂದು ನಕ್ಕ,
ಕಾಸು ತೆಗೆದುಕೊಳ್ಳಲಿಲ್ಲ.

ಭಾನುವಾರ, ಹಿತ್ತಲ ಒಗೆಯುವ ಕಲ್ಲಿನ ಮೇಲೆ
ಕುಂಡ ಬೋರಲು ಹಾಕಿದೆ.
ಬೇರುಗಳ ನಡುವೆ ಗುಬ್ಬಚ್ಚಿಯಷ್ಟು ಪಾಚಿ,
ಎಳೆಯದಿದ್ದಾಗ ಯಾರೋ ತುರುಕಿದ್ದು, ಇನ್ನೂ ಒದ್ದೆ.
ಬೇರು ಹಿಡಿದರೆ ಸಿಪ್ಪೆ ಕೈಗೆ ಬರುತ್ತದೆ,
ಒಳಗೆ ಬರೀ ನೂಲು.
ಹೊಲಿಗೆ ಕತ್ತರಿಯನ್ನು ಬೆಂಕಿಗೆ ಹಿಡಿದು
ಕತ್ತರಿಸಿದೆ, ಕತ್ತರಿಸಿದೆ.
ಉಳಿದದ್ದು ನಾಲ್ಕು ಬೇರು.
ಸರಿಯಾಗಿ ಎಣಿಸಿದರೆ ಮೂರೂವರೆ.
ಗಾಯಕ್ಕೆ ಅರಿಶಿನ ಹಚ್ಚುವಾಗ
ಯಾಕೋ ಅದರ ಮುಖ ಹುಡುಕಿದೆ.

ತೂತಿನ ಕುಂಡ, ಮಟ್ಟೆ, ಇದ್ದಿಲು,
ಅಲ್ಲಾಡದಂತೆ ಒಂದು ಕಡ್ಡಿ, ನಾರಿನ ಗಂಟು.
ಐದು ದಿನ ನೀರು ಕೂಡದು ಎಂದಿದ್ದಳು ನಗೀನಾ.
ಐದು ದಿನ!
ಮೂರನೆಯ ರಾತ್ರಿ ಚೊಂಬು ಹಿಡಿದು ಎದ್ದೆ,
ಕಿಟಕಿಯ ಬಳಿ ಕತ್ತಲಲ್ಲಿ ನಿಂತೆ.
ಅಟ್ಟದ ಮೇಲೆ ಇಲಿ ಓಡಿತು,
ಕಾಯಿಗಳು ಉರುಳಿದವು. ಗಳಕ್. ಗಳಕ್.

ವರ್ಷಗಟ್ಟಲೆ ಯಾರೂ ಮುಟ್ಟದೆ
ಅಟ್ಟಕ್ಕೆ ಬಿಟ್ಟ ಕಾಯಿ
ತನ್ನ ನೀರನ್ನು ತಾನೇ ಕುಡಿದು,
ಚಿಪ್ಪಿನಿಂದ ಬಿಡಿಸಿಕೊಂಡು,
ಒಂದು ದಿನ ಅಲ್ಲಾಡಿಸಿದರೆ ಮಾತಾಡುತ್ತದೆ.
ಒಣಗಿತೋ ಇಲ್ಲವೋ
ಕಿವಿಯಲ್ಲೇ ಹೇಳುವವನು ನಾನು.
ಚೊಂಬಿನ ನೀರು ನಾನೇ ಕುಡಿದು ಮಲಗಿದೆ.

ಈಗ ಎಲೆ ನೋಡುವುದಿಲ್ಲ, ಕುಂಡ ಎತ್ತುತ್ತೇನೆ.
ಅಂಗೈ ಹೇಳುತ್ತದೆ:
ಏಳುನೂರು ಗ್ರಾಂ, ಇನ್ನೂ ಬೇಡ.
ಐನೂರೈವತ್ತು, ಇವತ್ತು ಕೊಡು.
ಹೆಚ್ಚುಕಮ್ಮಿ ಹರಾಜಿನ ದಿನಕ್ಕೇ ಬೀಳುತ್ತದೆ.
ಬಕೆಟ್ಟಿನಲ್ಲಿ ಅದ್ದಿ, ಸೋರಲು ಬಿಟ್ಟು,
ಸುಳಿಯಲ್ಲಿ ನಿಂತ ಹನಿಯನ್ನು
ಪಂಚೆಯ ಅಂಚಿನಲ್ಲಿ ಒರೆಸುತ್ತೇನೆ.
"ಮಕ್ಕಳಿಗೆ ಒಂದು ದಿನ ತಲೆ ಒರೆಸಿದ್ದುಂಟಾ?"
ಅನ್ನುತ್ತಾಳೆ ಶಿವಗಂಗಮ್ಮ, ಪಾತ್ರೆ ತೊಳೆಯುತ್ತಾ.
ಉತ್ತರವಿಲ್ಲ.

ಹೂ ಬಿಟ್ಟಿಲ್ಲ.
ಕೆಳಗಿನ ಎಲೆ ಹಳದಿಯಾಗಿ ಬಿತ್ತು ಕೂಡ.
ಆದರೆ ಮೊನ್ನೆ ಬುಡದಲ್ಲಿ ಒಂದು ಬೇರು,
ಬೆಂಕಿಕಡ್ಡಿಯ ತಲೆಯಷ್ಟು ಹಸಿರು ತುದಿ,
ಕುಂಡದೊಳಗೆ ಇಳಿಯದೆ, ಅಂಚು ದಾಟಿ,
ಬರೀ ಗಾಳಿಯತ್ತ ಹೊರಟಿದೆ.
ಹಿಡಿದು ಒಳಗೆ ತುರುಕೋಣ ಅನ್ನಿಸಿತು.
ಎಡಗೈಯಲ್ಲಿ ಬಲಗೈ ಹಿಡಿದು
ನಿಂತಿದ್ದೇನೆ.