ನಾಲ್ಕನೆಯ ಬಾಗಿಲು

ಕೊರ್ಚಾದ ಹಿಮ ಇನ್ನೂ ಚಕ್ರದಡಿ ಕರಗಿಲ್ಲ.
ಲಿರಿ ಅಕ್ಕ ಕೀ ತಿರುಗಿಸಿದಳು:
ಮೂರು ಬಾಗಿಲು ಠಪ್ಪೆಂದು ತಲೆ ತಗ್ಗಿಸಿದವು.
ಹಿಂದಿನ ಬಲದ್ದು ಮಾತ್ರ
ಮೊಂಡ.

‘ಫ್ಯೂಸು’ ಅಂದ ಕೆಳಮನೆಯ ಪೆತ್ರಾಕ್,
ಕಿಟಕಿಯಿಂದಲೇ, ಕಾಫಿ ಲೋಟ ಸಮೇತ.
ಅವಳು ತುಟಿಗೆ ಬೆರಳಿಟ್ಟಳು.
ಡಿಕ್ಕಿಯೊಳಗೆ ಪಂಪು ಗೊರಗುಡುತ್ತಿತ್ತು,
ನಿಲ್ಲಬೇಕಾದಲ್ಲಿ ನಿಲ್ಲದೆ.

‘ತಂತಿಯಲ್ಲ ಕಣೋ, ಗಾಳಿ.
ಈ ಹಳೇ ಡೀಸೆಲ್ಲು ಉಸಿರೆಳೆದೇ ಬೀಗ ಹಾಕೋದು.
ಎಲ್ಲೋ ಸೋರ್ತಿದೆ.’

ಒಂದೊಂದೇ ನಳಿಕೆಯ ಕತ್ತು ಹಿಸುಕುತ್ತ ಹೋದಳು,
ನಾನು ಟಾರ್ಚು.
ಇದಕ್ಕೆ ಗೊರ ಗೊರ. ಇದಕ್ಕೂ ಗೊರ ಗೊರ.
ಹಳದಿಯದನ್ನು ಹಿಸುಕಿದ್ದೇ
ಪಂಪು ಗಪ್‌ಚಿಪ್.

ಬಾಗಿಲ ಸಂದಿನ ರಬ್ಬರು ಸುಲಿದರೆ
ಕೂದಲೆಳೆಯಷ್ಟು ಸೀಳು.
ಅಷ್ಟಕ್ಕೆ ಚಳಿಗಾಲವಿಡೀ, ಪ್ರತಿ ಬಾಡಿಗೆಗೂ,
ಹಿಂದಕ್ಕೆ ಕೈಚಾಚಿ ಗುಂಡಿ ಅದುಮಿದ್ದಳು,
‘ಕ್ಷಮಿಸಿ’ ಅನ್ನುತ್ತ.

ನನ್ನ ಮೀನು ಸತ್ತ ಮೇಲೆ ಖಾಲಿಬಿದ್ದ ತೊಟ್ಟಿಯ
ಗಾಳಿಕೊಳವೆಯಲ್ಲಿ ಬೆರಳುದ್ದ
ಕತ್ತರಿಸಿ ಕೊಟ್ಟೆ.
ಕೊಡಲು ಮನಸ್ಸಿರಲಿಲ್ಲ.

ಠಪ್. ನಾಲ್ಕೂ.

ಪೆತ್ರಾಕ್ ಚಪ್ಪಲಿಯಲ್ಲೇ ಇಳಿದು ಬಂದು ಒಂದು ಹಿಡಿ ಜಗ್ಗಿದ.
ನಾನೊಂದು. ಅಕ್ಕ ಎರಡು.
ಯಾವುದೂ ತೆರೆಯಲಿಲ್ಲ.
ಮತ್ತೆ ಜಗ್ಗಿದೆವು, ಹಿಮ ತುಳಿಯುತ್ತ, ಸುತ್ತು ಬಂದು:
ಇಲ್ಲ, ಇಲ್ಲ, ಇಲ್ಲ,
ಒಳಗೆ ಬಿಡುತ್ತಲೇ ಇಲ್ಲ!